ಆಂತರಿಕ ಮಾನಕ

‘ಮಾ’ ಎಂದರೆ ಅಳೆ. ಆ ಸಂಸ್ಕೃತ ಧಾತುವಿನಿಂದ ಮಾನ, ಅದರಿಂದ ಮಾನಕ, ಅಂದರೆ ಹೋಲಿಸಿ ಅಳೆಯುವ ಆಧಾರ. ಪ್ರಮಾಣ, ಪರಿಮಾಣ, ಅನುಮಾನ ಎಲ್ಲ ಇದರ ಬಳಗವೇ. (ಮರ್ಯಾದೆಯ ‘ಮಾನ’ ಮಾತ್ರ ‘ಮನ್’ ಧಾತುವಿನದು.)

ಆಂತರಿಕ ಮಾನಕ ಬೇಕಾಗುವುದು ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಕ್ರೊಮ್ಯಾಟೊಗ್ರಫಿಯಲ್ಲಿ. ಈ ಪದದ ಮೂಲ ಗ್ರೀಕ್: ಕ್ರೋಮ ಎಂದರೆ ಬಣ್ಣ. 1906ರಲ್ಲಿ ಎಲೆಯ ಬಣ್ಣಗಳನ್ನು ಸೀಮೆಸುಣ್ಣದ ಪುಡಿಯ ಕೊಳವೆಯಲ್ಲಿ ಬೇರ್ಪಡಿಸಿ ಈ ಹೆಸರಿಟ್ಟವನು ಮಿಖಾಯಿಲ್ ತ್ಸ್ವೆತ್. ರಷ್ಯನ್ ಭಾಷೆಯಲ್ಲಿ ಅವನ ಅಡ್ಡಹೆಸರಿನ ಅರ್ಥವೂ ಬಣ್ಣವೇ! ಬಣ್ಣದಲ್ಲೇ ಕೈಯಾಡಿಸುವ ರಬಕವಿ-ಬನಹಟ್ಟಿಯ ನೇಕಾರರಿಗೆ ಈ ಮಾತು ಹಿಡಿಸೀತು.

ಆದರೆ ಮುಧೋಳದ ಕಡೆ ಕಾಕಂಬಿಯಿಂದ ಇಳಿಸುವ ಸ್ಪಿರಿಟ್‌ಗೆ ಬಣ್ಣವೇ ಇಲ್ಲ. ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಅದರ ಒಂದೊಂದು ಅಂಶವನ್ನೂ ಒಂದೊಂದು ಶಿಖರವಾಗಿ ಬರೆಯುತ್ತದೆ; ಶಿಖರದ ವಿಸ್ತೀರ್ಣವೇ ಲೆಕ್ಕ. ತೊಡಕು ಮಾದರಿಯನ್ನು ಯಂತ್ರದೊಳಕ್ಕೆ ಹಾಕುವ ಸೂಜಿಯಲ್ಲಿ. 1 ಮೈಕ್ರೋಲೀಟರ್ ಹಾಕಹೋಗಿ 0.9 ಬಿದ್ದರೆ ಲೆಕ್ಕ ಶೇ. 10 ಕೆಟ್ಟಿತು. ಅದಕ್ಕೇ ಮೊದಲೇ ಮಾದರಿಗೆ ಗೊತ್ತಿರುವಷ್ಟು ಇನ್ನೊಂದು ವಸ್ತು ಬೆರೆಸುತ್ತಾರೆ. ಸೂಜಿಯಿಂದ ಬಿದ್ದದ್ದು ಕಡಿಮೆಯಾದರೆ ಎರಡೂ ಶಿಖರ ಒಟ್ಟಿಗೆ ಕುಗ್ಗುತ್ತವೆ, ಅನುಪಾತ ಕದಲದು. ಆ ಬೆರೆಸಿದ ವಸ್ತುವೇ ಆಂತರಿಕ ಮಾನಕ.

ಅದು ಮಾದರಿಯಲ್ಲಿ ಮೊದಲೇ ಇರಕೂಡದು. ರಕ್ತದ ಮದ್ಯಾಂಶ ಅಳೆಯಲು ಎನ್-ಪ್ರೊಪನಾಲ್ ನಡೆಯುತ್ತದೆ. ಸ್ಪಿರಿಟ್‌ನಲ್ಲಿ ಅದು ತಾನಾಗಿಯೇ ಇರುವುದರಿಂದ ಅಲ್ಲಿ 3-ಪೆಂಟನಾಲ್‌ನಂಥದು ಬೇಕು.

ಮಾದರಿಗೆ ಬೆರೆಸದೆ, ಯಂತ್ರದಲ್ಲಿ ಬೇರೆಯಾಗಿ ಓಡಿಸಿ ಹೋಲಿಸುವ ವಸ್ತು ‘ಬಾಹ್ಯ ಮಾನಕ’. ನನಗೆ ‘ಆಂತರಿಕ’ ತುಸು ಭಾರ; ‘ಒಳಮಾನಕ’ ಎಂದರೂ ಸಾಕಿತ್ತು.