ಕೊಡಗು ನೋಡದ ಕೊಡಗಿನ ರಾಜಕುಮಾರಿ

ಮೊದಲ ಫೋಟೋದಲ್ಲಿರೋ ಹುಡುಗಿನ ಸ್ವಲ್ಪ ನಿಧಾನಕ್ಕೆ ನೋಡಿ, ಆಮೇಲೆ ಸ್ವೈಪ್ ಮಾಡಿ. ಮೈಮೇಲೆ ನಮ್ಮ ದೇಶದ ಉಡುಪು, ಒಡವೆ. ಕೈಯಲ್ಲಿ ಬೈಬಲ್. ವಯಸ್ಸು ಹನ್ನೊಂದರ ಆಸುಪಾಸು. ಹೆಸರು ಗೌರಮ್ಮ. ಕೊಡಗಿನ ಕೊನೇ ರಾಜ ಚಿಕ್ಕವೀರರಾಜೇಂದ್ರನ ಮಗಳು. ಚಿತ್ರ ಬರೆದವನು ವಿಂಟರ್‌ಹಾಲ್ಟರ್ ಅನ್ನೋ ಜರ್ಮನ್ ಕಲಾವಿದ. ಆಗಿನ ಯುರೋಪಿನಲ್ಲಿ ರಾಜ ರಾಣಿಯರು ತಮ್ಮ ಚಿತ್ರ ಬರೆಸ್ಕೊಳ್ಳೋಕೆ ಇವನನ್ನೇ ಕರೆಸ್ತಿದ್ರು. ಈ ಚಿತ್ರ ಬರೆಸಿದ್ದು ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ, 1852ರಲ್ಲಿ.

ಹೋದ ಸಲ ಮಡಿಕೇರಿ ಗದ್ದುಗೆ ಬಗ್ಗೆ ಹಾಕಿದಾಗ "ಆ ವಂಶ ಆಮೇಲೆ ಏನಾಯ್ತು" ಅಂತ ಕೇಳಿದ್ರಲ್ಲ, ಇದು ಅದರ ಉತ್ತರದ ಒಂದು ಭಾಗ.

ಎಲ್ಲರೂ ಕೊಡಗಿನ ರಾಜಕುಮಾರಿ ಅಂತಾರೆ. ಆದ್ರೆ ಇವಳು ಹುಟ್ಟಿದ್ದು ಕಾಶಿಯಲ್ಲಿ, 1841ರ ಜುಲೈ 4ಕ್ಕೆ. ಅಷ್ಟೊತ್ತಿಗೆ ಕೊಡಗು ಕೈತಪ್ಪಿ ಏಳು ವರ್ಷ ಆಗಿತ್ತು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೈನ್ಯ ನುಗ್ಗಿಸಿ, ರಾಜನನ್ನ ಇಳಿಸಿ, ಮೊದಲು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳಿಸ್ತು. ರಾಜ ಸಾಧು ಮನುಷ್ಯ ಅಂತ ನಾನು ಹೇಳ್ತಿಲ್ಲ. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಓದಿದವರಿಗೆ ಗೊತ್ತು, ಅವನ ಕ್ರೌರ್ಯದ ಕಥೆಗಳು ಕಡಿಮೆ ಏನಿಲ್ಲ. ಆದ್ರೆ ಅವನ ತಪ್ಪಿಗೂ ಈ ಮಗುವಿಗೂ ಏನ್ ಸಂಬಂಧ? ಹುಟ್ಟಿದ ಸ್ವಲ್ಪ ದಿನಕ್ಕೇ ತಾಯಿನೂ ಹೋದ್ರು.

ಈಗ ನಮ್ ಬಿಕಾಂ ಬ್ಯಾಚ್‌ನವರು ಗಮನ ಕೊಡಿ, ಇದು ನಮ್ಮ ಸಬ್ಜೆಕ್ಟು. 1852ರಲ್ಲಿ ರಾಜ ಮಗಳನ್ನ ಕರ್ಕೊಂಡು ಹಡಗು ಹತ್ತಿ ಲಂಡನ್‌ಗೆ ಹೋಗಿದ್ದು ಊರು ನೋಡೋಕಲ್ಲ, ದುಡ್ಡು ವಸೂಲಿ ಮಾಡೋಕೆ. ಕೊಡಗಿನ ಅರಸರು ಕಂಪನಿಗೇ ಸಾಲ ಕೊಟ್ಟಿದ್ರು. ಅದಕ್ಕೆ ಕಂಪನಿಯದೇ ಪ್ರಾಮಿಸರಿ ನೋಟುಗಳಿದ್ವು. 1834ರಲ್ಲಿ ಕಂಪನಿ ರಾಜ್ಯದ ಜೊತೆ ಆ ನೋಟುಗಳನ್ನೂ ಎತ್ಕೊಂಡ್ತು. ಅರ್ಥ ಆಯ್ತಾ? ಸಾಲ ತಗೊಂಡವನೇ ಸಾಲ ಕೊಟ್ಟವನ ಮನೆಗೆ ನುಗ್ಗಿ ಪತ್ರ ಕಿತ್ಕೊಂಡು, "ಈಗ ಯಾವ ಸಾಲ?" ಅಂದಂಗೆ. ಬಿಸಿನೆಸ್ ಲಾ ಪೇಪರಲ್ಲಿ ಹಿಂಗೊಂದು ಪ್ರಶ್ನೆ ಬಂದ್ರೆ ನಾವೆಲ್ಲ ಕಣ್ಮುಚ್ಚಿ ರಾಜನ ಕಡೆ ತೀರ್ಪು ಬರೀತೀವಿ. ಆದ್ರೆ ಅಲ್ಲಿನ ಕೋರ್ಟು 1860ರಲ್ಲಿ ಹೇಳಿದ್ದು ಬೇರೆ. ಕಂಪನಿ ಇದನ್ನ ವ್ಯಾಪಾರಿಯಾಗಿ ತಗೊಂಡಿಲ್ಲ, ಯುದ್ಧ ಗೆದ್ದ ಸರ್ಕಾರವಾಗಿ ತಗೊಂಡಿದೆ, ಅದನ್ನ ವಿಚಾರಿಸೋ ಅಧಿಕಾರ ನಮಗಿಲ್ಲ ಅಂತ ಕೇಸ್ ವಜಾ. ರಾಜ ಅದನ್ನ ಕೇಳೋಕೂ ಇರಲಿಲ್ಲ. ಹಿಂದಿನ ವರ್ಷ, 1859ರಲ್ಲೇ ಲಂಡನ್ನಿನಲ್ಲಿ ತೀರಿಕೊಂಡಿದ್ದ.

ಈ ಕೇಸಿನ ಮಧ್ಯೆ ಮಗಳು ಎಲ್ಲಿದ್ಲು? ರಾಣಿಯ ದಯೆ ಸಿಕ್ಕಿದ್ರೆ ಕೆಲಸ ಸಲೀಸಾಗುತ್ತೆ ಅಂತ ಅಪ್ಪ ಅವಳನ್ನ ರಾಣಿಯ ಕೈಗೆ ಒಪ್ಪಿಸಿದ್ದ. 1852ರಲ್ಲೇ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಬ್ಯಾಪ್ಟಿಸಮ್ ಕೊಟ್ರು, ರಾಣಿಯೇ ಧರ್ಮಮಾತೆ. ಹಾಲೇರಿ ವಂಶದ ಲಿಂಗಾಯತ ಹುಡುಗಿ 'ವಿಕ್ಟೋರಿಯಾ ಗೌರಮ್ಮ' ಆದ್ಲು. ಆಮೇಲೆ ಬ್ರಿಟಿಷ್ ಪೋಷಕರ ಮನೆಯಲ್ಲಿ ಬೆಳೆದ್ಲು. ಹಳೇ ಧರ್ಮದ ಗಾಳಿ ಸೋಕಬಾರದು ಅಂತ ಅಪ್ಪನ ಭೇಟಿಗೂ ಕಡಿವಾಣ. ಒಂದೇ ಊರಲ್ಲಿದ್ದೂ!

ರಾಣಿ ಕೆಟ್ಟವಳು ಅಂತ ಷರಾ ಬರೆದು ಮುಗಿಸೋದು ಸುಲಭ. ನನಗೆ ಹಾಗನ್ನಿಸಲ್ಲ, ಅವಳ ಪ್ರೀತಿ ನಾಟಕ ಆಗಿರಲಿಲ್ಲ. ಆದ್ರೆ ಆ ಪ್ರೀತಿಗೆ ಒಂದು ಷರತ್ತಿತ್ತು: ಹುಡುಗಿ ರಾಣಿ ಅಂದ್ಕೊಂಡ ಥರಾನೇ ಇರಬೇಕು.

ಇದನ್ನ ಅಳೆಯೋಕೆ ಅದೇ ಅರಮನೆಯ ಇನ್ನೊಬ್ಬ ಹೆಂಗಸನ್ನ ಪಕ್ಕಕ್ಕಿಡ್ತೀನಿ (ಎರಡನೇ ಫೋಟೋ). ಆ ಅರಮನೆ ಅರ್ಧ ಜರ್ಮನ್ ಮನೆ ಇದ್ದಂಗೆ. ರಾಣಿಯ ತಾಯಿ ಜರ್ಮನ್, ಗಂಡ ಆಲ್ಬರ್ಟ್ ಜರ್ಮನ್, ಚಿಕ್ಕಂದಿನಿಂದ ಪಾಠ ಹೇಳಿ ಸಾಕಿದ ಲೂಯಿಸ್ ಲೇತ್ಸೆನ್ ಕೂಡ ಜರ್ಮನ್. ಪಾದ್ರಿಯ ಮಗಳಾಗಿದ್ದ ಲೇತ್ಸೆನ್‌ಗೆ 1827ರಲ್ಲಿ ಬ್ಯಾರನೆಸ್ ಪಟ್ಟ ಸಿಕ್ತು. ಊಟಕ್ಕೆ ಕೂತ್ರೆ ತನ್ನೂರು ಹ್ಯಾನೋವರ್‌ನ ಜೀರಿಗೆ ಥರದ ಕಾಳನ್ನ ಎಲ್ಲದರ ಮೇಲೂ ಉದುರಿಸ್ಕೊಂಡು ತಿಂತಿದ್ಲಂತೆ. ಜನ ನಗ್ತಿದ್ರು, ಆದ್ರೂ ಅವಳು ಬಿಡ್ಲಿಲ್ಲ. ಕೊನೆಗೆ ಆಲ್ಬರ್ಟ್‌ಗೂ ಅವಳಿಗೂ ಆಗದೆ 1842ರಲ್ಲಿ ಹೊರಡಬೇಕಾಯ್ತು. ವರ್ಷಕ್ಕೆ 800 ಪೌಂಡ್ ಪಿಂಚಣಿ ತಗೊಂಡು ಜರ್ಮನಿಗೆ ವಾಪಸ್ ಹೋಗಿ 1870ರವರೆಗೆ ಬದುಕಿದ್ಲು.

ಅವಳಿಗೆ ಅರಮನೆ ಬೇಡವಾದ ದಿನ ಹೋಗೋಕೆ ಊರಿತ್ತು. ಗೌರಮ್ಮನಿಗೆ ಯಾವ ಊರು? ಕೊಡಗನ್ನ ಅವಳು ಕಣ್ಣಲ್ಲೇ ಕಂಡಿಲ್ಲ.

ರಾಣಿಗೆ ಒಂದು ಪ್ಲಾನ್ ಇತ್ತು. ಪಂಜಾಬ್ ಕಳ್ಕೊಂಡ ಹುಡುಗ ದುಲೀಪ್ ಸಿಂಗ್ (ಕೋಹಿನೂರ್ ಅಂದ್ರೆ ನೆನಪಾಗೋ ಅದೇ ದುಲೀಪ್) 1854ರಲ್ಲಿ ಇಂಗ್ಲೆಂಡಿಗೆ ಬಂದ. ಅವನೂ ಅಷ್ಟರಲ್ಲಿ ಕ್ರಿಶ್ಚಿಯನ್ ಆಗಿದ್ದ. ಇಬ್ಬರಿಗೂ ಮದುವೆ ಮಾಡಿದ್ರೆ ಇಂಡಿಯಾದವರಿಗೆಲ್ಲ ಒಂದು ಮಾದರಿ ಸಂಸಾರ ತೋರಿಸಬಹುದು ಅನ್ನೋ ಲೆಕ್ಕ. ದುಲೀಪ್ ಒಪ್ಪಲಿಲ್ಲ, ಅವಳು ನನಗೆ ತಂಗಿ ಇದ್ದಂಗೆ ಅಂದ. ರಾಜ್ಯ ಕಳ್ಕೊಂಡ ಇಬ್ಬರು ಮಕ್ಕಳು ಅಷ್ಟು ದೂರದಲ್ಲಿ ಅಣ್ಣ ತಂಗಿ ಆಗಿದ್ದು, ಈ ಕಥೆಯಲ್ಲಿ ನನಗೆ ಇಷ್ಟವಾದ ಒಂದೇ ಒಂದು ಜಾಗ.

ಕೊನೆಗೆ 1860ರಲ್ಲಿ, ಅಂದ್ರೆ ಅಪ್ಪನ ಕೇಸ್ ಬಿದ್ದುಹೋದ ಅದೇ ವರ್ಷ, ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಜೊತೆ ಮದುವೆ. ದುಲೀಪನ ಪೋಷಕಿ ಲೇಡಿ ಲಾಗಿನ್‌ಳ ಅಣ್ಣತಮ್ಮಂದಿರಲ್ಲಿ ಒಬ್ಬ. ಗೌರಮ್ಮನಿಗೆ ಹತ್ತೊಂಬತ್ತು, ಅವನು ಸುಮಾರು 30 ವರ್ಷ ದೊಡ್ಡವನು. 1861ರಲ್ಲಿ ಮಗಳು ಹುಟ್ಟಿದ್ಲು, ಎಡಿತ್. ಗೌರಮ್ಮನಿಗೆ ಕ್ಷಯ ಇತ್ತು. 1864ರ ಮಾರ್ಚ್ 30ಕ್ಕೆ ಹೋಗ್ಬಿಟ್ಲು. ಇಪ್ಪತ್ತಮೂರೂ ತುಂಬಿರಲಿಲ್ಲ. ನನಗಿಂತ ಎರಡೇ ವರ್ಷ ದೊಡ್ಡವಳು.

ಮೂರನೇ ಫೋಟೋ ನಮ್ಮ ಕಬ್ಬನ್ ಪಾರ್ಕಿನ ವಿಕ್ಟೋರಿಯಾ ಪ್ರತಿಮೆ, 1906ರದ್ದು. ಹೊಸಹಳ್ಳಿಯಲ್ಲಿ ಪರ್ಪಲ್ ಲೈನ್ ಹತ್ತಿದ್ರೆ ಬದಲಾಯಿಸದೆ ಕಬ್ಬನ್ ಪಾರ್ಕ್ ತಲುಪ್ತೀರ. ಗೌರಮ್ಮನ ಚಿತ್ರ ನೋಡೋಕೆ ಮಾತ್ರ ಇಂಗ್ಲೆಂಡಿಗೇ ಹೋಗ್ಬೇಕು, ಅದು ರಾಜಮನೆತನದ ಸಂಗ್ರಹದಲ್ಲಿದೆ. ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಕಲ್ಲಿನ ಮೇಲೆ ಅವಳು ಕೊಡಗಿನ ಮಾಜಿ ರಾಜನ ಮಗಳು, ಹುಟ್ಟಿದ್ದು ಇಂಡಿಯಾದಲ್ಲಿ ಅಂತಿದೆ. ಆ ಕಡೆ ಓದೋಕೆ ಹೋಗಿರೋ ಸೀನಿಯರ್ಸ್ ಯಾರಾದ್ರೂ ಇದನ್ನ ನೋಡ್ತಿದ್ರೆ, ಒಂದಿನ ಹೋಗಿ ಹೂವಿಟ್ಟು ಒಂದು ಫೋಟೋ ಕಳಿಸಿ. ನಾಲ್ಕನೇ ಸ್ಲೈಡ್ ಅದಕ್ಕೇ ಖಾಲಿ ಬಿಟ್ಟಿದೀನಿ.