ಬಿಟ್ಟುಕೊಡದ ಹಾಸಿಗೆ

‘ತಾರತಮ್ಯ’ ಎಂಬ ಮಾತು ಕನ್ನಡದಲ್ಲಿ ಎರಡು ಬಾಳನ್ನು ಬಾಳಿದೆ. ಮಧ್ವಮತದ ಚಿಂತನೆಯಲ್ಲಿ ಅದು ದೋಷವಲ್ಲ. ಜೀವಜೀವಗಳ ನಡುವೆ ಸ್ವಭಾವದಿಂದಲೇ ಇರುವ ಮೇಲುಕೀಳಿನ ಕ್ರಮಕ್ಕೆ ಅಲ್ಲಿ ಆ ಹೆಸರು. ಇಂದಿನ ಪತ್ರಿಕೆಗಳ ಕನ್ನಡದಲ್ಲಾದರೋ ಅದು ಅನ್ಯಾಯಕ್ಕೆ ಪರ್ಯಾಯಪದ. ಈ ಎರಡೂ ಅರ್ಥಗಳು ಒಂದೇ ಸೂರಿನಡಿ ವಾಸಿಸುವ ಸ್ಥಳವೊಂದಿದ್ದರೆ ಅದು ಆಸ್ಪತ್ರೆ. ಡೀನ್, ಸರ್ಜನ್, ಮೇಟ್ರನ್, ಸಿಸ್ಟರ್, ವಾರ್ಡ್ ಬಾಯ್, ಆಯಾ ಎಂಬ ಮೆಟ್ಟಿಲುಗಳಿಲ್ಲದೆ ಅಲ್ಲಿ ಒಂದು ರಾತ್ರಿಯ ಪಾಳಿಯೂ ಸಾಗದು. ಆ ಕ್ರಮ ಯಾವ ಗಳಿಗೆಯಲ್ಲಿ ಅನ್ಯಾಯವಾಗಿ ತಿರುಗುತ್ತದೆ, ತಿರುಗಿತೆಂದು ಮೊದಲು ಯಾರ ಮನಸ್ಸಿಗೆ ತಟ್ಟುತ್ತದೆ, ತಟ್ಟಿದವರು ಏನು ಮಾಡುತ್ತಾರೆ ಎಂಬುದಕ್ಕೆ ನಮ್ಮ ನಾಡಿನಲ್ಲಿ ಒಂದು ಚರಿತ್ರೆಯಿದೆ. ಅದರ ಬಹುಭಾಗವನ್ನು ಯಾರೂ ಬರೆದಿಟ್ಟಿಲ್ಲ.

ನಾವಿರುವ ಪಟಾನ್‌ಚೆರು ಈ ಮಾತಿಗೆ ತಕ್ಕ ಜಾಗವೇ. ಹೊರಗಿನವರಿಗೆ ಈ ಊರಿನ ಹೆಸರು ತಿಳಿದಿರುವುದು ಇಕ್ರಿಸ್ಯಾಟ್‌ನ ಹೊಲಗಳಿಂದ ಅಥವಾ ಕಾರ್ಖಾನೆಗಳ ಕೊಳಕು ನೀರಿನಿಂದ. ರೋಗಿಗಳ ಕಾಯಿಲೆಗೆ ಔಷಧದ ಚೀಟಿಯೊಂದೇ ಸಾಲದೆಂದು ಮನಗಂಡು ಮಾಲಿನ್ಯದ ವಿರುದ್ಧ ಬಹುಕಾಲ ಹೋರಾಡಿದ ವೈದ್ಯ ಡಾ. ಎ. ಕಿಶನ್ ರಾವ್ ಇಲ್ಲಿಯವರು. ಊರಿನ ನಡುವೆ ಹಾದುಹೋಗುವ ಹೆದ್ದಾರಿ ಜಹೀರಾಬಾದು ದಾಟಿ, ನಮ್ಮ ಹುಮನಾಬಾದನ್ನು ಮುಟ್ಟಿ, ಸೊಲ್ಲಾಪುರ, ಪುಣೆಗಳತ್ತ ಸಾಗುತ್ತದೆ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೂ ಹೈದರಾಬಾದಿಗೇ ಸೇರಿದ್ದವು. ಆ ಕಡೆಯವರಿಗೆ ದೊಡ್ಡಾಸ್ಪತ್ರೆಯೆಂದರೆ ಹೈದರಾಬಾದೇ ಎಂಬ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ.

ಇಲ್ಲಿಂದ ನಗರದತ್ತ ಹೊರಟರೆ ಸಿಕ್ಕುವ ಬೇಗಂಪೇಟೆಯಲ್ಲಿ ಒಂದು ಹಳೆಯ ಕಟ್ಟಡವಿದೆ. 1897ರ ಆಗಸ್ಟ್ 20ರಂದು ಮೇಜರ್ ರೊನಾಲ್ಡ್ ರಾಸ್ ಸೊಳ್ಳೆಯೊಂದರ ಜಠರದ ಗೋಡೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡದ್ದು ಸಿಕಂದರಾಬಾದಿನ ಈ ಆಸುಪಾಸಿನಲ್ಲೇ. ಅದಕ್ಕೂ ಮುನ್ನ, 1895ರಲ್ಲಿ, ಕಾಲರಾ ಹತೋಟಿಯ ಕೆಲಸಕ್ಕೆಂದು ಅವರನ್ನು ಬೆಂಗಳೂರಿಗೆ ಕಳಿಸಿದ್ದರು. ಸೊಳ್ಳೆಯ ಹಿಂದೆ ಬಿದ್ದಿದ್ದ ಮನುಷ್ಯ ಚರಂಡಿ, ಬಾವಿಗಳ ಉಸ್ತುವಾರಿಗೆ ಇಳಿಯಬೇಕಾಯಿತು. ಸಿಕಂದರಾಬಾದಿಗೆ ಮರಳಿ ಸಾಧಿಸಿದ್ದನ್ನು ಸಾಧಿಸಿದ ಕೆಲವೇ ವಾರಗಳಲ್ಲಿ ರಾಜಪುತಾನದ ಖೇರ್ವಾಡಕ್ಕೆ ವರ್ಗ. ಮಲೇರಿಯಾ ರೋಗಿಗಳೇ ಅಪರೂಪವಾಗಿದ್ದ ತಾಣ ಅದು. ಮೇಲಿನವರಿಗೆ ಅವರೊಬ್ಬ ಸೈನ್ಯದ ವೈದ್ಯ, ಅಷ್ಟೆ; ಎಲ್ಲಿ ಬೇಕೋ ಅಲ್ಲಿಗೆ ಕಳಿಸಬಹುದಾದ ಅಧಿಕಾರಿ. ಸರ್ಕಾರಿ ನೌಕರಿಯಲ್ಲಿರುವ ಓದುಗರಿಗೆ ಈ ಆಜ್ಞೆಯ ಧಾಟಿಯನ್ನು ನಾವು ಬಿಡಿಸಿ ಹೇಳಬೇಕಿಲ್ಲ.

ರಾಸ್ ಈ ಅನ್ಯಾಯವನ್ನು ಮರೆಯಲಿಲ್ಲ, ಇತರರು ಮರೆಯಲೂ ಬಿಡಲಿಲ್ಲ. 1899ರಲ್ಲಿ ಸೇವೆ ತೊರೆದು ಲಿವರ್‌ಪೂಲಿಗೆ ಹೋದರು. ಇಟಲಿಯ ಗ್ರಾಸ್ಸಿಯೊಡನೆ ಕೀರ್ತಿಗಾಗಿ ಕಾದಾಡಿದರು. 1902ರಲ್ಲಿ ನೊಬೆಲ್ ಬಂದ ಮೇಲೂ ತಣಿಯದೆ, ಸಿಡುಬಿನ ಲಸಿಕೆಗಾಗಿ ಜೆನ್ನರನಿಗೆ ಬ್ರಿಟಿಷ್ ಪಾರ್ಲಿಮೆಂಟು ಹಣ ಕೊಟ್ಟಂತೆ ತಮಗೂ ಕೊಡಬೇಕೆಂದು ಮನವಿ ಸಲ್ಲಿಸಿದರು, ಅದು ಫಲಿಸಲಿಲ್ಲ. 1923ರಲ್ಲಿ ದಪ್ಪನೆಯ ಆತ್ಮಚರಿತ್ರೆ ಪ್ರಕಟಿಸಿದರು. 1928ರಲ್ಲಿ ತಮ್ಮ ಕಾಗದಪತ್ರಗಳನ್ನೇ ಮಾರಾಟಕ್ಕಿಟ್ಟರು. ಕುಂದುಕೊರತೆಯನ್ನು ಹೀಗೆ ಸಾಹಿತ್ಯವಾಗಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಅವಕಾಶವಂತೂ ಇನ್ನೂ ವಿರಳ.

ಅದೇ ಆಗಸ್ಟಿನಲ್ಲಿ ರಾಸ್ ತಾವು ಸಾಕಿದ ಸೊಳ್ಳೆಗಳಿಂದ ಕಚ್ಚಿಸಿದ್ದು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು. ಕಚ್ಚಿದ ಒಂದೊಂದು ಸೊಳ್ಳೆಗೆ ಒಂದೊಂದು ಆಣೆ ಕೂಲಿ. ಆತ ಆಸ್ಪತ್ರೆಯ ನೌಕರನಲ್ಲ ನಿಜ, ಆದರೆ ಆ ದಿನದ ಕೆಲಸದಲ್ಲಿ ಮೈಯೊಡ್ಡಿದವನು ಆತನೇ. ಮರಿಹುಳುಗಳನ್ನು ಹುಡುಕಿ ತಂದ ಸಹಾಯಕರೂ ಇದ್ದರು. ಒಂದು ಆಣೆ ನ್ಯಾಯವೆಂದು ಹುಸೇನ್ ಖಾನನಿಗೆ ತೋರಿತ್ತೇ? ತನ್ನ ರಕ್ತದಿಂದ ದೊರೆತದ್ದೇನೆಂದು ಯಾರಾದರೂ ಆತನಿಗೆ ಹೇಳಿದರೇ? ಆತನ ಆತ್ಮಚರಿತ್ರೆಯಿಲ್ಲ. ರಾಸ್ ಅವರ ಬರಹದಲ್ಲಿ ಹೆಸರೊಂದು ಉಳಿದಿದೆ, ಅಷ್ಟರಮಟ್ಟಿಗೆ ಆತ ಪುಣ್ಯವಂತ. ಒಂದೇ ಕೋಣೆಯಲ್ಲಿದ್ದ ಇಬ್ಬರಲ್ಲಿ ಒಬ್ಬರ ಅಸಮಾಧಾನ ಗ್ರಂಥಾಲಯ ಸೇರಿತು. ಮತ್ತೊಬ್ಬರದು ಇತ್ತೋ ಇಲ್ಲವೋ ಎಂಬುದೂ ಉಳಿಯಲಿಲ್ಲ.

ಹಾಗಾದರೆ ಬರೆಯಲಾಗದವರು ಅನ್ಯಾಯಕ್ಕೆ ಹೇಗೆ ಉತ್ತರಿಸುತ್ತಾರೆ? ಇದಕ್ಕೆ ಹೊರನಾಡ ಕನ್ನಡಿಗರಾದ ನಾವು ದೂರ ಹುಡುಕಬೇಕಿಲ್ಲ. ಉತ್ತರ ಕನ್ನಡದ ಹಳದಿಪುರದಲ್ಲಿ 1948ರಲ್ಲಿ ಹುಟ್ಟಿ ಮುಂಬಯಿಗೆ ಹೋಗಿ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರ ಕತೆ ಎಲ್ಲರಿಗೂ ಗೊತ್ತಿದೆಯೆಂದು ನಾವೆಲ್ಲ ಭಾವಿಸಿದ್ದೇವೆ. ನಮಗೆ ಗೊತ್ತಿರುವುದು ಸಾಮಾನ್ಯವಾಗಿ ಕತೆಯ ಎರಡು ತುದಿಗಳು ಮಾತ್ರ: 1973ರ ನವೆಂಬರ್ 27ರ ಸಂಜೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಡೆದ ಕ್ರೌರ್ಯ, ಮತ್ತು 2011ರ ದಯಾಮರಣದ ತೀರ್ಪು. ನಡುವಿನ ದಶಕಗಳು ಅವರ ಸಹೋದ್ಯೋಗಿಗಳವು.

ಪ್ರಯೋಗಕ್ಕೆಂದು ಸಾಕಿದ ನಾಯಿಗಳ ವಿಭಾಗದಲ್ಲಿ ಅರುಣಾ ಕೆಲಸ ಮಾಡುತ್ತಿದ್ದರು. ನಾಯಿಗಳ ಆಹಾರ ಕದಿಯುತ್ತಿದ್ದ ಕೆಳದರ್ಜೆಯ ನೌಕರನೊಬ್ಬನನ್ನು ಅವರು ಗದರಿಸಿದ್ದರು, ಅದರ ಸೇಡಿಗೆ ಆತ ನಾಯಿಯ ಸರಪಳಿಯಿಂದ ಕೊರಳು ಬಿಗಿದು ಹಲ್ಲೆ ಮಾಡಿದನೆಂಬುದು ಈ ಪ್ರಕರಣದ ಕಥನಗಳಲ್ಲೆಲ್ಲ ಬರುವ ಕಾರಣ. ಇಲ್ಲಿ ತುಸು ನಿಲ್ಲಬೇಕು. ತನಗೆ ಅನ್ಯಾಯವಾಯಿತೆಂಬ ಉರಿ ಆ ನೌಕರನಲ್ಲೂ ಇದ್ದಿರಬಹುದು. ಅನಿಸಿಕೆ ಎಲ್ಲರಲ್ಲೂ ಹುಟ್ಟುತ್ತದೆ; ಹುಟ್ಟಿದ ಮಾತ್ರಕ್ಕೆ ಅದು ನ್ಯಾಯದ ಬೇಡಿಕೆಯಾಗುವುದಿಲ್ಲ. ಕೆಲಸದಲ್ಲಿನ ಅನ್ಯಾಯವನ್ನು ಕುರಿತು ಬರೆಯುವ ವಿದ್ವಾಂಸರು ‘ಗ್ರಹಿಕೆ’ ಎಂಬ ಪದವನ್ನು ಧಾರಾಳವಾಗಿ ಬಳಸುವಾಗ ನಮಗೆ ಈ ಪ್ರಸಂಗ ನೆನಪಾಗುತ್ತದೆ.

ಮೆದುಳಿಗೆ ಆಮ್ಲಜನಕ ತಪ್ಪಿದ ಅರುಣಾ ಮತ್ತೆಂದೂ ಮಾತಾಡಲಿಲ್ಲ, ನಡೆಯಲಿಲ್ಲ. ಪ್ರಕರಣ ದಾಖಲಾದದ್ದು ದರೋಡೆ ಮತ್ತು ಕೊಲೆ ಯತ್ನವೆಂದು. ಹುಡುಗಿಗೆ ಮದುವೆ ಗೊತ್ತಾಗಿತ್ತು, ಮಾನದ ಪ್ರಶ್ನೆ ಎಂದು ಲೈಂಗಿಕ ದೌರ್ಜನ್ಯದ ಮಾತನ್ನು ಕಾಗದಕ್ಕಿಳಿಸದೆ ಬಿಟ್ಟರು. ಏಳು ವರ್ಷದ ಶಿಕ್ಷೆ ಮುಗಿಸಿ ಆತ ಹೊರಬಂದ. ಕಡತಗಳ ನಡುವೆ ಹಗಲು ಕಳೆಯುವ ನಮಗೆ ಈ ತರ್ಕ ಅಪರಿಚಿತವಲ್ಲ: ಟಿಪ್ಪಣಿಯಲ್ಲಿ ಬಾರದ್ದು ನಡೆದೇ ಇಲ್ಲ. ಮಾನ ಕಾಯುವ ಹೆಸರಿನಲ್ಲಿ ಅಂದು ಕಾದದ್ದು ಯಾರ ಮಾನವನ್ನು ಎಂಬ ಪ್ರಶ್ನೆ ಇಂದಿಗೂ ಹಾಗೆಯೇ ಇದೆ.

ಆಗ ಮುಂಬಯಿಯ ದಾದಿಯರು ಮುಷ್ಕರ ಹೂಡಿದರು. ಅರುಣಾಗೆ ತಕ್ಕ ಆರೈಕೆ ಬೇಕು, ತಮಗೆ ಕೆಲಸದ ಸ್ಥಿತಿ ಸುಧಾರಿಸಬೇಕು ಎಂಬ ಎರಡು ಬೇಡಿಕೆಗಳು ಅಲ್ಲಿ ಒಂದಾಗಿದ್ದವು. ಈ ಮುಷ್ಕರ ನೆನಪಿನಿಂದ ಬೇಗ ಜಾರಿಹೋಯಿತು. ಉಳಿದದ್ದು ನಾಲ್ಕನೆಯ ವಾರ್ಡಿಗೆ ಸೇರಿದ ಒಂದು ಕೋಣೆ, ಅದರಲ್ಲೊಂದು ಹಾಸಿಗೆ. 1980ರ ದಶಕದಲ್ಲಿ ಮುಂಬಯಿ ನಗರಪಾಲಿಕೆ ಅವರನ್ನು ಆಸ್ಪತ್ರೆಯಿಂದ ಸಾಗಿಸಿ ಹಾಸಿಗೆ ತೆರವು ಮಾಡಲು ಎರಡು ಬಾರಿ ನೋಡಿತು. ದಾದಿಯರು ಪ್ರತಿಭಟಿಸಿದರು, ಪಾಲಿಕೆ ಹಿಂಜರಿಯಿತು. ಲೆಕ್ಕದ ಕಣ್ಣಿಗೆ ಅದು ವಾಸಿಯಾಗದ ರೋಗಿಯೊಬ್ಬರು ಹಿಡಿದಿಟ್ಟ ಹಾಸಿಗೆ. ದಾದಿಯರ ಕಣ್ಣಿಗೆ ಅದು ಕೆಲಸದ ಮೇಲಿದ್ದಾಗ ಬಲಿಯಾದವರ ಜಾಗ. ನಾಳೆ ತಮ್ಮಲ್ಲಿ ಯಾರದಾದರೂ ಆಗಬಹುದಾದ ಜಾಗ.

ಒಂದು ತಲೆಮಾರಿನ ದಾದಿಯರು ನಿವೃತ್ತರಾದರು, ಇನ್ನೊಂದು ಬಂದಿತು. ಜೂನ್ 1ರಂದು ಹುಟ್ಟುಹಬ್ಬ ನಡೆಯಿತು. ಘಟನೆ ನಡೆದಾಗ ಹುಟ್ಟಿಯೇ ಇರದಿದ್ದ ಹುಡುಗಿಯರು ಉಣಿಸಿದರು, ಮಗ್ಗುಲು ಬದಲಿಸಿದರು. ದಯಾಮರಣ ಕೋರಿ ಲೇಖಕಿ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯನ್ನು ತಳ್ಳಿಹಾಕಿದಾಗ, ಅಷ್ಟು ವರ್ಷ ಮಲಗಿದ್ದವರಿಗೆ ಒಂದು ಬೆಡ್‌ಸೋರ್ ಕೂಡ ಆಗಿಲ್ಲದ್ದನ್ನು ಸುಪ್ರೀಂ ಕೋರ್ಟು ಗಮನಿಸಿತು. 2011ರ ಮಾರ್ಚ್ 7ರ ಆ ತೀರ್ಪು, ಅರುಣಾಳ ಪರವಾಗಿ ಮಾತಾಡುವ ಹಕ್ಕು ಆಸ್ಪತ್ರೆಯ ಸಿಬ್ಬಂದಿಗೆ ಸೇರಿದ್ದೆಂದೂ ಹೇಳಿತು. ಇಡೀ ದೇಶ ಆ ತೀರ್ಪನ್ನು ಪ್ಯಾಸಿವ್ ಯೂಥನೇಸಿಯಾದ ದಾರಿ ತೆರೆದದ್ದಕ್ಕಾಗಿ ನೆನೆಯುತ್ತದೆ. ನಮ್ಮ ಮಟ್ಟಿಗೆ ಈ ಎರಡನೆಯ ಮಾತೂ ಅಷ್ಟೇ ದೊಡ್ಡದು. 2015ರ ಮೇ 18ರಂದು ಅರುಣಾ ತೀರಿಕೊಂಡಾಗ ಅಂತ್ಯಕ್ರಿಯೆಯ ಹಕ್ಕಿನ ಮಾತು ಬಂದು, ಇಷ್ಟು ವರ್ಷ ಎಲ್ಲಿದ್ದಿರಿ ಎಂದು ಬಂಧುಗಳನ್ನು ದಾದಿಯರು ಕೇಳಿದ್ದು ಆ ಹಕ್ಕಿನ ಬಲದಿಂದಲೇ.

ಇದನ್ನು ವಾತ್ಸಲ್ಯದ ಕತೆಯಾಗಿ ಹೇಳುವುದು ಸುಲಭ, ಹಾಗೆ ಹೇಳಿಯೂ ಆಗಿದೆ. ವಾತ್ಸಲ್ಯವಿತ್ತು, ಸಂದೇಹವಿಲ್ಲ. ಆದರೆ ಮುಷ್ಕರವನ್ನು ಮರೆತು ಮಮತೆಯನ್ನಷ್ಟೇ ನೆನೆದರೆ ಅವರಿಗೆ ಮತ್ತೊಮ್ಮೆ ಅನ್ಯಾಯ ಮಾಡಿದಂತೆ. ಕಾಗದದಲ್ಲಿ ಅಳಿಸಿದ್ದನ್ನು ಅವರು 42 ವರ್ಷ ಹಾಸಿಗೆಯಲ್ಲಿ ಉಳಿಸಿದರು. ಅದು ಆರೈಕೆಯೂ ಹೌದು, ಧರಣಿಯೂ ಹೌದು. ಬೇರೆ ಯಾವ ಉದ್ಯೋಗದಲ್ಲಿ ಪ್ರತಿಭಟನೆಗೆ ಇಂಥ ರೂಪ ಬಂದೀತು?

ವೈದ್ಯಕೀಯ ಕೆಲಸದ ವಿಶೇಷ ಸಂಕಟವೂ ಇಲ್ಲೇ ಇದೆ. ಗಿರಣಿಯವನು ಮಗ್ಗ ನಿಲ್ಲಿಸಿದರೆ ನಷ್ಟ ಮಾಲೀಕನಿಗೆ. ದಾದಿ ಕೈಕಟ್ಟಿದರೆ ನರಳುವುದು ಅನ್ಯಾಯದಲ್ಲಿ ಪಾಲಿಲ್ಲದ ರೋಗಿ. ಹಾಗಾಗಿ ಅಸಮಾಧಾನ ಹೆಚ್ಚಾಗಿ ಒಳಗೇ ಇಂಗುತ್ತದೆ. ಅಮೆರಿಕದ ಜೆರಾಲ್ಡ್ ಗ್ರೀನ್‌ಬರ್ಗ್ 2006ರಲ್ಲಿ ನಾಲ್ಕು ಆಸ್ಪತ್ರೆಗಳ ದಾದಿಯರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಎರಡು ಆಸ್ಪತ್ರೆಗಳಲ್ಲಿ ಸಂಬಳದ ಪದ್ಧತಿ ಬದಲಾಗಿ ಆದಾಯ ಇಳಿದಿತ್ತು. ಅಲ್ಲಿಯವರ ನಿದ್ದೆ ಕೆಟ್ಟಿತು. ಸಿಬ್ಬಂದಿಯೊಡನೆ ಗೌರವದಿಂದ ನಡೆದುಕೊಳ್ಳುವ, ಕಾರಣ ವಿವರಿಸುವ ತರಬೇತಿ ಮೇಲ್ವಿಚಾರಕರಿಗೆ ಸಿಕ್ಕಿದ್ದ ಕಡೆ ನಿದ್ದೆ ಅಷ್ಟು ಕೆಡಲಿಲ್ಲ. ಅರ್ಥಪೂರ್ಣ ಫಲಿತಾಂಶವೇ. ಆದರೂ ನಮ್ಮ ಆಡಳಿತಗಾರರ ಕೈಗೆ ಅದು ಸಿಕ್ಕರೆ ಸಂಬಳ ಮರೆತು ಸಿಹಿಮಾತನ್ನಷ್ಟೇ ಹಂಚಿಯಾರೆಂಬ ಭಯ ನಮಗಿದೆ.

ಭಯಕ್ಕೆ ಆಧಾರವಿಲ್ಲದಿಲ್ಲ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಸಾವಿರ ಜನರಿಗೊಬ್ಬರಂತೆ ಆಶಾ ಕಾರ್ಯಕರ್ತೆಯರನ್ನು ಕರೆತಂದಿತು. ಅವರು ‘ಸ್ವಯಂಸೇವಕಿ’ಯರು, ನೌಕರರಲ್ಲ, ಅವರಿಗೆ ಸಿಗುವುದು ‘ಗೌರವಧನ’, ‘ಪ್ರೋತ್ಸಾಹಧನ’, ಸಂಬಳವಲ್ಲ. ಹೆಸರಿನಲ್ಲಿ ಗೌರವವೂ ಇದೆ ಧನವೂ ಇದೆ. ಎರಡೂ ಸಾಲುವುದಿಲ್ಲವೆಂಬುದು ಅವರ ದೂರು. ತೆಲಂಗಾಣದಲ್ಲಿ 2015ರಲ್ಲಿ ಆರಂಭವಾದ ಅವರ ಮುಷ್ಕರ ನೂರಕ್ಕೂ ಹೆಚ್ಚು ದಿನ ನಡೆಯಿತು. ಕರ್ನಾಟಕದ ಸುಮಾರು 42 ಸಾವಿರ ಆಶಾಗಳು ಮನೆಮನೆಯ ಕೋವಿಡ್ ಸಮೀಕ್ಷೆಗೆ ಹೋಗಿ, ಕೆಲವೆಡೆ ಹಲ್ಲೆಗೂ ಒಳಗಾಗಿ, 2020ರ ಜುಲೈ 10ರಿಂದ ತಿಂಗಳಿಗೆ 12,000 ರೂಪಾಯಿ ಕೇಳಿ ಕೆಲಸ ನಿಲ್ಲಿಸಿದರು. ಸಾಂಕ್ರಾಮಿಕದ ನಡುವೆ ಇದು ಸರಿಯೇ ಎಂದು ಕೇಳಿದವರು ಹಲವರು. ಸಾಂಕ್ರಾಮಿಕವಿಲ್ಲದಾಗ ಅವರ ಮಾತು ಕೇಳಿದವರೆಷ್ಟು ಮಂದಿಯೆಂದು ನಾವು ಮರುಪ್ರಶ್ನೆ ಹಾಕಬಹುದು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಘೋಷಿಸಿತು.

ಕರ್ನಾಟಕದ ಆಶಾಗಳ ದೂರುಗಳಲ್ಲಿ ಒಂದು ಮೊತ್ತಕ್ಕಿಂತ ಲೆಕ್ಕಕ್ಕೆ ಸೇರಿದ್ದು. ಮಾಡಿದ ಕೆಲಸ ಆರ್‌ಸಿಎಚ್ ಪೋರ್ಟಲಿನಲ್ಲಿ ದಾಖಲಾದರೆ ಮಾತ್ರ ಪ್ರೋತ್ಸಾಹಧನ. ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ದದ್ದು ನಿಜ, ಹೆರಿಗೆಯಾದದ್ದು ನಿಜ, ಮಗುವಿಗೆ ಚುಚ್ಚುಮದ್ದು ಹಾಕಿಸಿದ್ದೂ ನಿಜ. ಪೋರ್ಟಲಿನಲ್ಲಿ ಕಾಣಿಸದಿದ್ದರೆ ಹಣವಿಲ್ಲ. ಈ ಕೊಂಡಿಯನ್ನು ಕಳಚಿ ಎಂಬ ಬೇಡಿಕೆಯನ್ನೂ ಹೊತ್ತು ಅವರು 2025ರ ಜನವರಿ 7ರಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸೇರಿದರು. ಚಳಿಯಲ್ಲಿ ಮೂರು ರಾತ್ರಿ ಕಳೆದ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ ದೊರಕಿಸುವ ಭರವಸೆ ಸರ್ಕಾರದಿಂದ ಬಂದಿತು. ಅವರು ಊರುಗಳಿಗೆ ಮರಳಿದರು. ಕೊಟ್ಟ ಮಾತನ್ನು ಜಾರಿಗೆ ತನ್ನಿರೆಂದು ಅದೇ ವರ್ಷ ಮತ್ತೆ ಧರಣಿ ಕೂತರು.