ಪಟ್ಟಿಯಲ್ಲಿ ಕಂಡವರು, ರಕ್ತದಲ್ಲಿ ಕಂಡವರು

2020ರ ಮೇ ತಿಂಗಳ ಮೂರನೇ ವಾರ ಮಂಡ್ಯ ಜಿಲ್ಲೆಯ ಹೆಸರು ರಾಜ್ಯದ ಕೊರೋನಾ ಪಟ್ಟಿಯ ಮೇಲ್ಭಾಗಕ್ಕೆ ಬಂತು. ಮುಂಬೈನಿಂದ ಊರಿಗೆ ಮರಳಿದವರೇ ಅದಕ್ಕೆ ಕಾರಣ ಎಂದರು. ಕೆ.ಆರ್.ಪೇಟೆ, ನಾಗಮಂಗಲ, ಪಾಂಡವಪುರದ ಕಡೆಯಿಂದ ಹೊಟ್ಟೆಪಾಡಿಗಾಗಿ ಹೋಗಿ ಹೋಟೆಲುಗಳಲ್ಲಿ ದುಡಿಯುತ್ತಲೋ ಆಟೊ ಓಡಿಸುತ್ತಲೋ ಇದ್ದ ಜನ ಅವರು. ದುಡಿಮೆ ನಿಂತಾಗ ಹುಟ್ಟಿದ ಊರಿಗಲ್ಲದೆ ಬೇರೆಲ್ಲಿಗೆ ಹೋಗಬೇಕು? ಆದರೆ ಊರಿನ ಕಣ್ಣಿಗೆ ಅವರು ರೋಗ ಹೊತ್ತು ತಂದವರಾದರು. ಅದಕ್ಕೆ ಒಂದೂವರೆ ತಿಂಗಳ ಮುಂಚೆ ಅನೇಕ ಟಿ.ವಿ. ವಾಹಿನಿಗಳು ಇದೇ ಮಾತನ್ನು ಮುಸ್ಲಿಮರ ಬಗ್ಗೆ ಆಡಿದ್ದವು.

ಆ ಮಾತಿಗೆ ಆಧಾರವಾಗಿ ಒಂದು ಅಂಕಿಯಿತ್ತು. ದೇಶದಲ್ಲಿ ಪತ್ತೆಯಾದ 14,378 ಪ್ರಕರಣಗಳಲ್ಲಿ 4,291, ಅಂದರೆ ಶೇ. 29.8ರಷ್ಟು, ದಿಲ್ಲಿಯ ತಬ್ಲೀಗಿ ಜಮಾಅತ್ ಸಮಾವೇಶಕ್ಕೆ ಸಂಬಂಧಿಸಿದವು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್ 18ರಂದು ಹೇಳಿತು. ಅಂಕಿ ಸುಳ್ಳಲ್ಲ. ಅಂಥ ದಿನಗಳಲ್ಲಿ ಜನ ಗುಂಪುಗೂಡಿದ್ದು ಸರಿಯಲ್ಲವೆಂಬುದನ್ನೂ, ಸೇರಿದವರಲ್ಲಿ ಸೋಂಕು ಹರಡಿತೆಂಬುದನ್ನೂ ನಾವು ಒಪ್ಪಬೇಕು. ಆದರೆ ಅದು ಪರೀಕ್ಷೆಗೆ ಒಳಗಾದವರ ಲೆಕ್ಕ. ಹೆಸರಿನ ಪಟ್ಟಿ ಹಿಡಿದು ಯಾರನ್ನು ಹುಡುಕಿ ಪರೀಕ್ಷಿಸುತ್ತೇವೆಯೋ ಅವರೇ ಹೆಚ್ಚಾಗಿ ಸಿಗುತ್ತಾರೆ. ಹುಡುಕದವರ ಲೆಕ್ಕವನ್ನು ಯಾರು ಕೊಡಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕುವ ಒಂದು ಹಳೆಯ ದಾರಿ ನಮ್ಮ ದೇಶದಲ್ಲೇ ಇದೆ. ದೇಹಕ್ಕೆ ವೈರಾಣು ಹೊಕ್ಕಾಗ ಅದನ್ನು ಎದುರಿಸಲು ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ರೋಗ ಹೋದ ಮೇಲೂ, ರೋಗವೇ ಕಾಣಿಸದಿದ್ದರೂ, ಅವು ಕೆಲವು ಕಾಲ ಉಳಿಯುತ್ತವೆ. ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಆರಂಭವಾದ 1952ರಲ್ಲೇ ದೇಶದ ಹಲವು ಕಡೆಯ ಜನರ ರಕ್ತದಲ್ಲಿ ಇಂಥ ಗುರುತುಗಳನ್ನು ಹುಡುಕಲಾಯಿತು. ಸೊಳ್ಳೆಯಿಂದ ಹರಡುವ ಜಪಾನೀಸ್ ಮಿದುಳುಜ್ವರದ ಗುರುತು ಆಗಲೇ ಕಂಡಿತು. ಆ ಜ್ವರದ ರೋಗಿಗಳನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು ಮಾತ್ರ 1955ರಲ್ಲಿ, ವೆಲ್ಲೂರಿನಲ್ಲಿ. ಆಸ್ಪತ್ರೆಗಿಂತ ಮುಂಚೆ ರಕ್ತ ಸುಳಿವು ಕೊಟ್ಟಿತ್ತು.

ಮಂಡ್ಯ ಜಿಲ್ಲೆಗೂ ಈ ಚರಿತ್ರೆಯಲ್ಲಿ ಪಾಲಿದೆ. ನಾಲೆಯ ನೀರು ನಿಲ್ಲುವ ಭತ್ತದ ಗದ್ದೆಗಳಲ್ಲಿ ಈ ಜ್ವರದ ಸೊಳ್ಳೆ ಹುಟ್ಟುತ್ತದೆ; ಕೊಕ್ಕರೆ, ಬೆಳ್ಳಕ್ಕಿ, ಹಂದಿಗಳಲ್ಲಿ ವೈರಾಣು ಬೆಳೆಯುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರದ ಸೀಮೆಯನ್ನು ಕಂಡವರಿಗೆ ಗದ್ದೆ ಮತ್ತು ಹಕ್ಕಿಗಳ ನಂಟನ್ನು ವಿವರಿಸಬೇಕಿಲ್ಲ. ಸೋಂಕು ತಗುಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗಷ್ಟೇ ರೋಗ ಉಲ್ಬಣಿಸುತ್ತದೆ. ಹಾಗಾಗಿ ಆಸ್ಪತ್ರೆಯ ಹಾಸಿಗೆ ಎಣಿಸಿದರೆ ಹರಡುವಿಕೆ ತಿಳಿಯದು. ಪುಣೆ ಸಂಸ್ಥೆಯ ವಿಜ್ಞಾನಿಗಳು ಈ ಜಿಲ್ಲೆಯಲ್ಲಿ ಸಾಕುಹಂದಿಗಳ ರಕ್ತದಲ್ಲಿ ಪ್ರತಿಕಾಯ ಮೂಡುವುದನ್ನು ಗಮನಿಸುತ್ತ ವೈರಾಣುವಿನ ಜಾಡು ಹಿಡಿದರು. ಆ ಅಧ್ಯಯನ 1991ರಲ್ಲಿ ಪ್ರಕಟವಾಯಿತು.

2020ರಲ್ಲಿ ಇದೇ ವಿಧಾನ ಕೊರೋನಾಕ್ಕೆ ಬಳಕೆಯಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮೇ 11ರಿಂದ ಜೂನ್ 4ರವರೆಗೆ 21 ರಾಜ್ಯಗಳ 70 ಜಿಲ್ಲೆಗಳಲ್ಲಿ 28,000 ವಯಸ್ಕರ ರಕ್ತ ಪರೀಕ್ಷಿಸಿತು. ಶೇ. 0.73 ಮಂದಿಗೆ ಸೋಂಕು ತಗುಲಿತ್ತೆಂದು ಅಂದಾಜಾಯಿತು. ನೋಡಲು ಸಣ್ಣ ಸಂಖ್ಯೆ. ಆದರೆ ಇಡೀ ದೇಶಕ್ಕೆ ಹಿಗ್ಗಿಸಿದರೆ ಮೇ ಆರಂಭದ ಹೊತ್ತಿಗೇ ಸುಮಾರು 64 ಲಕ್ಷ ಸೋಂಕುಗಳು! ಪತ್ತೆಯಾದ ಪ್ರತಿ ಒಂದು ಪ್ರಕರಣಕ್ಕೆ 82ರಿಂದ 130 ಸೋಂಕುಗಳಿದ್ದವು ಎಂಬುದು ಆ ವರದಿಯ ತೀರ್ಮಾನ. ನಾಲ್ಕು ಸಾವಿರದ ಚಿಲ್ಲರೆ ಹೆಸರುಗಳನ್ನು ಇಟ್ಟುಕೊಂಡು ಒಂದು ಸಮುದಾಯದ ಮೇಲೆ ಗೂಬೆ ಕೂರಿಸಿದ್ದ ದಿನಗಳಲ್ಲಿ ವೈರಾಣು ಯಾರ ಪಟ್ಟಿಗೂ ಸಿಗದೆ ಲಕ್ಷಾಂತರ ಜನರನ್ನು ಮುಟ್ಟುತ್ತಿತ್ತು. ವಿದೇಶಿ ತಬ್ಲೀಗಿಗಳ ಮೇಲಿನ ಎಫ್.ಐ.ಆರ್.ಗಳನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆಗಸ್ಟ್ 21ರಂದು ರದ್ದುಗೊಳಿಸಿ, ಅವರನ್ನು ಬಲಿಪಶು ಮಾಡಿದಂತಿದೆ ಎಂದಿತು.

ನಮಗೆ ಅನುಕೂಲವಾಗಿದೆಯೆಂದು ಈ ಅಂಕಿಗಳನ್ನೂ ಕಣ್ಣುಮುಚ್ಚಿ ನಂಬಬಾರದು. ಸಾವಿರ ಜನರಲ್ಲಿ ನಿಜವಾಗಿ ಹತ್ತು ಮಂದಿಗೆ ಸೋಂಕಾಗಿದೆ ಎನ್ನಿ. ಪರೀಕ್ಷೆ ನೂರಕ್ಕೆ ಒಮ್ಮೆ ತಪ್ಪಿ, ಸೋಂಕಿಲ್ಲದವರನ್ನೂ ಸೋಂಕಿತರೆಂದು ತೋರಿಸಿದರೆ ಇನ್ನೂ ಹತ್ತು ಮಂದಿ ಸೇರಿಕೊಳ್ಳುತ್ತಾರೆ. ಅರ್ಧ ಲೆಕ್ಕವೇ ತಪ್ಪಾಗುತ್ತದೆ. ಆದುದರಿಂದ ಪರೀಕ್ಷೆಯ ದೋಷವನ್ನು ಕಳೆದು, ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ಹೇಳುತ್ತಾರೆ. ಮೇಲಿನ 64 ಲಕ್ಷದ ಮಿತಿ 38 ಲಕ್ಷದಿಂದ 1.12 ಕೋಟಿಯವರೆಗೆ ಇತ್ತು. ಕನಿಷ್ಠವನ್ನೇ ಹಿಡಿದರೂ ನಮ್ಮ ಮಾತು ಬದಲಾಗುವುದಿಲ್ಲ.

ಕರ್ನಾಟಕ ಸರಕಾರ 2020ರ ಸೆಪ್ಟೆಂಬರ್‌ನಲ್ಲಿ ಎಲ್ಲಾ 30 ಜಿಲ್ಲೆಗಳಲ್ಲಿ ಸಮೀಕ್ಷೆ ನಡೆಸಿತು. ಗರ್ಭಿಣಿಯರು, ಬಸ್ ಕಂಡಕ್ಟರರು, ಸಂತೆ ವ್ಯಾಪಾರಿಗಳು, ವೃದ್ಧರು ಹೀಗೆ ಬೇರೆ ಬೇರೆ ಗುಂಪಿನವರನ್ನು ಆರಿಸಿಕೊಂಡರು. ಆಗ ಸೋಂಕಿದ್ದವರು, ಹಿಂದೆ ಸೋಂಕಾಗಿದ್ದವರು ಸೇರಿ ಶೇ. 27.3; ರಾಜ್ಯದ 7.07 ಕೋಟಿ ಜನರಲ್ಲಿ 1.93 ಕೋಟಿ. ಪತ್ತೆಯಾದದ್ದು ನಲವತ್ತಕ್ಕೆ ಒಂದು. ಜೂನ್‌ನಿಂದ ಆಗಸ್ಟ್‌ವರೆಗೆ ಇನ್ನೊಂದು ತಂಡ ಮನೆಮನೆಗಳಿಂದ ಮಾದರಿ ತೆಗೆದಾಗ ಬಂದದ್ದು ಶೇ. 46.7. ಒಂದೇ ರಾಜ್ಯದಲ್ಲಿ ಇಷ್ಟು ಅಂತರವೇಕೆ? ಯಾರನ್ನು ಆರಿಸಿದರು, ಯಾವ ಪರೀಕ್ಷೆ ಬಳಸಿದರು ಎಂಬುದರ ಮೇಲೆ ಫಲ ನಿಂತಿದೆ. 2021ರ ಆರಂಭದ ಎರಡನೇ ಸುತ್ತಿನಲ್ಲಿ ಪ್ರತಿಕಾಯ ಕಂಡದ್ದು ಶೇ. 15.6 ಮಂದಿಯಲ್ಲಿ ಮಾತ್ರ. ಪ್ರತಿಕಾಯಗಳು ಕಾಲಕ್ರಮೇಣ ಕುಗ್ಗುತ್ತವೆ. ಅರ್ಧ ರಾಜ್ಯಕ್ಕೇ ಸೋಂಕಾಗಿ ಹೋಗಿದೆ, ಇನ್ನು ಭಯವಿಲ್ಲ ಎಂದು ನೆಮ್ಮದಿಪಟ್ಟವರಿಗೆ 2021ರ ಏಪ್ರಿಲ್, ಮೇ ತಿಂಗಳುಗಳು ಉತ್ತರ ಕೊಟ್ಟವು.

ರೋಗವನ್ನು ತಂದವರು ಯಾರು ಎಂಬುದನ್ನು ಸೀರೋ ಸಮೀಕ್ಷೆ ಹೇಳುವುದಿಲ್ಲ. ಎಷ್ಟು ಹರಡಿದೆ, ನಮ್ಮ ಕಣ್ಣಿಗೆ ಎಷ್ಟು ಬಿದ್ದಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಬೆರಳು ತೋರಿಸುವ ಚಟ ಯಾವ ಒಂದು ಧರ್ಮದ ಸೊತ್ತೂ ಅಲ್ಲ. ಟೋಪಿ ಧರಿಸಿದವನ ಕಡೆ ತೋರಿಸಿದ ಬೆರಳು ಮುಂಬೈನಿಂದ ಬಂದ ಗೌಡರ ಮಗನ ಕಡೆಗೂ ತಿರುಗಿತು. ಸುದ್ದಿ ತಂದವನ ಮಾತನ್ನು ವಿಚಾರಿಸಿ ನೋಡದೆ ಜನರಿಗೆ ಹಾನಿ ಮಾಡಬೇಡಿರೆಂದು ನಮ್ಮ ಧರ್ಮ ಎಚ್ಚರಿಸಿದೆ. ಮುಂದೊಮ್ಮೆ ಇಂಥ ಅಂಕಿ ನಮ್ಮ ಮುಂದೆ ಬಂದಾಗ, ಅದು ಬೇರೆಯವರ ವಿರುದ್ಧವಿದ್ದರೂ ಸರಿ, ಎಷ್ಟು ಜನರನ್ನು ಪರೀಕ್ಷಿಸಿದರು, ಅವರನ್ನು ಹೇಗೆ ಆರಿಸಿದರು ಎಂದು ಮೊದಲು ಕೇಳೋಣ.